ಬುಡಾಪೆಸ್ಟಿನ ಭಾನುವಾರದ ಊಟ

ಬಕ್ರೀದ್ ರಜೆಗೆ ಬುಡಾಪೆಸ್ಟಿಗೆ ಹೋಗುವುದೆಂದು ಅಳಿಯ ಸುಮಂತ್ ಟಿಕೆಟ್ ಮಾಡಿಸಿದ ದಿನದಿಂದ ಲೋಲಾಕ್ಷಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದುಬೈಯ ಅಲ್ ಕುಸೈಸಿನ ಆ ಪುಟ್ಟ ಫ್ಲ್ಯಾಟಿನಿಂದ ಹೊರಡುವವರು ನಾಲ್ವರು: ಮಗಳು ಯಶ್ಮಿತಾ, ಸುಮಂತ್, ನಾಲ್ಕು ವರ್ಷದ ಮೊಮ್ಮಗಳು ಗಾನವಿ, ಮತ್ತೆ ತಾನು. ಜೂನ್ ಒಂದಕ್ಕೆ ಯಶ್ಮಿತಾಳಿಗೆ ಮೂವತ್ತು ತುಂಬುತ್ತದೆ. ಆ ಹುಟ್ಟುಹಬ್ಬವನ್ನು ಡಾನ್ಯೂಬ್ ನದಿಯ ದಡದಲ್ಲಿ ಮಾಡಬೇಕೆಂಬುದು ಸುಮಂತನ ಆಸೆ. ಲೋಲಾಕ್ಷಿಯ ಆಸೆ ಬೇರೆ. ಆ ಊರಿನಲ್ಲಿ ಎಮಿಲಿಯಾ ಮೇಡಂ ಇದ್ದಾರೆ, ಮೇಡಂನ ಮಗಳು ಜೋಫಿ ಇದ್ದಾಳೆ. ಹಿಂದೆ ಇದೇ ದುಬೈಯ ಮಿರ್ದಿಫ್‌ನಲ್ಲಿ ಅವರ ವಿಲ್ಲಾದಲ್ಲಿ ಕೆಲಸಕ್ಕಿದ್ದು, ಬಾಣಂತಿಯ ಮಗ್ಗುಲಿನಿಂದ ಜೋಫಿಯನ್ನು ಎತ್ತಿಕೊಂಡವಳು, ಹದಿನೈದರ ಹುಡುಗಿಯಾದ ಮೇಲೆ ಏರ್‌ಪೋರ್ಟಿನ ಬಾಗಿಲಲ್ಲಿ ಅವಳ ಕೈ ಬಿಟ್ಟು ಕಳಿಸಿದವಳು ಲೋಲಾಕ್ಷಿ.

ಮೇಡಂ ಫೋನಿನಲ್ಲಿ ಕರೆದೇ ಬಿಟ್ಟಿದ್ದರು. ಭಾನುವಾರದ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಬರಬೇಕು, ಇಲ್ಲ ಎನ್ನಬಾರದು. ಹಂಗೇರಿಯವರಿಗೆ ಭಾನುವಾರದ ಊಟವೆಂದರೆ ಸಣ್ಣ ವಿಷಯವಲ್ಲ. ಮನೆಯವರೆಲ್ಲ ಒಂದೇ ಮೇಜಿಗೆ ಬರುವ ಹೊತ್ತು ಅದು. ಆ ಮೇಜಿನಲ್ಲಿ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ತನ್ನ ತೋಳಿನಲ್ಲಿ ಬೆಳೆದವಳೂ ಎದುರೆದುರು ಕೂತು ಉಣ್ಣುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಲೋಲಾಕ್ಷಿಗೆ ಬೇಕಾದದ್ದು ಅಷ್ಟೇ.

ಅದಕ್ಕೇ ಅವಳು ಪ್ರತಿ ಸಂಜೆ ಚಪಾತಿ ಲಟ್ಟಿಸುತ್ತ ಮನೆಯವರಿಗೆ ಪಾಠ ಶುರುಮಾಡಿದಳು.

"ಬಾಗಿಲಲ್ಲೇ ಚಪ್ಪಲಿ ಬಿಚ್ಚಬೇಕು, ನಮ್ಮ ಹಾಗೇ. ಮನೆಯೊಳಗೆ ಹಾಕಲಿಕ್ಕೆ ಬೇರೆ ಚಪ್ಪಲಿ ಅವರೇ ಕೊಡ್ತಾರೆ. ಬೇಡ ಅನ್ಲಿಕ್ಕೆ ಇಲ್ಲ."

"ಆಯ್ತು ಮಾಮಿ," ಎಂದ ಸುಮಂತ್. "ಮತ್ತೆ?"

"ಹೂ ತಕ್ಕೊಂಡು ಹೋಗುವುದಾದ್ರೆ ಐದೋ ಏಳೋ. ಜೋಡಿ ಲೆಕ್ಕ ಸತ್ತವರಿಗೆ. ಸೇವಂತಿಗೆ ಅಂತೂ ಮುಟ್ಟಲೇಬೇಡಿ, ಅದು ಅಲ್ಲಿ ಗೋರಿಗೆ ಇಡುವ ಹೂವು."

"ಅಯ್ಯೋ, ನಮ್ಮ ದೇವರಿಗೆ ಆಗ್ತದೆ, ಅವರ ಮನೆಗೆ ಆಗುದಿಲ್ವಾ?"

"ಬಿಯರ್ ಕುಡಿಯುವಾಗ ಗ್ಲಾಸಿಗೆ ಗ್ಲಾಸ್ ತಾಗಿಸ್ಲಿಕ್ಕೆ ಇಲ್ಲ. ಹಿಂದೆ ಯಾವಾಗಲೋ ಅವರ ಸೇನಾಪತಿಗಳನ್ನು ಗಲ್ಲಿಗೆ ಹಾಕಿದ ದಿನ ವೈರಿಗಳು ಹಾಗೆ ಗ್ಲಾಸ್ ತಾಗಿಸಿ ನಕ್ಕರಂತೆ. ಆ ಸಿಟ್ಟು ಇನ್ನೂ ಉಂಟು."

"ಕುಡೀಲಿಕ್ಕೆ ಉಂಟಲ್ಲ ಮಾಮಿ? ಅಷ್ಟು ಸಾಕು ನನಗೆ."

"ತಟ್ಟೆ ಖಾಲಿ ಮಾಡಿದ್ರೆ ಮತ್ತೆ ಬಡಿಸ್ತಾರೆ. ಸಾಕಾದ್ರೆ ಸ್ವಲ್ಪ ಬಿಡಿ. ಹೆಸರು ಕೇಳಿದ್ರೆ ಮನೆತನದ ಹೆಸರು ಮೊದಲು. ನೀವು ಅಲ್ಲಿ ಪೂಜಾರಿ ಸುಮಂತ್."

"ಇಲ್ಲಿ ವೀಸಾದ ಫಾರ್ಮ್ ತುಂಬುವ ಟೈಪಿಂಗ್ ಸೆಂಟರಿನವ ನನ್ನನ್ನು ಯಾವತ್ತೋ ಹಾಗೆ ಮಾಡಿಟ್ಟಿದ್ದಾನೆ. ಅವ ಹಂಗೇರಿಯವನೇ ಇರಬೇಕು!"

ಗಾನವಿಗೆ ನಗುವಿನ ಕಾರಣ ತಿಳಿಯದಿದ್ದರೂ ಅಪ್ಪನ ತೊಡೆಯ ಮೇಲೆ ಕುಣಿದು ನಕ್ಕಳು. ಯಶ್ಮಿತಾ ಮಾತ್ರ ಸೋಫಾದ ಮೂಲೆಯಲ್ಲಿ ಮಗುವಿನ ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಂದು ಸಲವೂ ತಲೆ ಎತ್ತಲಿಲ್ಲ.

ಅವಳು ತಲೆ ಎತ್ತದಿರುವುದು ಲೋಲಾಕ್ಷಿಗೆ ಹೊಸದಲ್ಲ. ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ, ಊರಾದ ಬೆಳ್ಮಣ್ಣಿನ ಪಕ್ಕದ ಮನೆಯ ನಫೀಸಮ್ಮ ದುಬೈಯಲ್ಲಿದ್ದ ತನ್ನ ಮಗನಿಗೆ ಹೇಳಿ ಲೋಲಾಕ್ಷಿಗೆ ದುಬೈಯ ಮನೆಗೆಲಸದ ವೀಸಾ ಮಾಡಿಸಿಕೊಟ್ಟಿದ್ದಳು. ಯಶ್ಮಿತಾ ಆಗ ಮೂರನೇ ಕ್ಲಾಸು. ಅವಳನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಬಂದ ಲೋಲಾಕ್ಷಿ ಸೇರಿದ್ದು ಎಮಿಲಿಯಾ ಮೇಡಂನ ಮನೆ. ಮೇಡಂನ ಗಂಡ ವಿಮಾನದ ಇಂಜಿನಿಯರು. ಮೇಡಂ ಒಳ್ಳೆಯವರು, ದೇವರಾಣೆಗೂ ಒಳ್ಳೆಯವರು. ಒಂದು ದಿನವೂ ಕೈ ಎತ್ತಿದವರಲ್ಲ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡವರಲ್ಲ. ಹಂಗೇರಿಯವರ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಹೆಸರು ಇರುತ್ತದೆ. ಆ ಹೆಸರಿನವರಿಗೆ ಅಂದು ಹಬ್ಬ, ಹೂ ಕೊಡಬೇಕು, ಕೇಕು ಮಾಡಬೇಕು. ಲೋಲಾಕ್ಷಿ ಎಂಬ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು? ಮೇಡಂ ಹುಡುಕಿ ಹುಡುಕಿ ಸೋತು, "ಲೋಲಾ, ನೀನು ಇಲೋನಾಳ ದಿನ ಇಟ್ಟುಕೋ" ಎಂದು ಪ್ರತಿವರ್ಷ ಆ ದಿನ ಮೂರು ಗುಲಾಬಿ ಕೊಡುತ್ತಿದ್ದರು. ಅಡುಗೆಮನೆಯ ಸಿಂಕಿನ ಪಕ್ಕ ಗ್ಲಾಸಿನಲ್ಲಿ ನೀರು ಹಾಕಿ ಲೋಲಾಕ್ಷಿ ಅವನ್ನು ಬಾಡುವವರೆಗೂ ಇಡುತ್ತಿದ್ದಳು.

ಮೇಡಂನ ಸಂಸಾರ ಹಂಗೇರಿಗೆ ಹೋದ ಮೇಲೆ ಲೋಲಾಕ್ಷಿಯೂ ಊರಿಗೆ ಮರಳಿದಳು. ಅಷ್ಟರಲ್ಲಿ ಯಶ್ಮಿತಾ ಮದುವೆಯಾಗಿ ದುಬೈಗೇ ಬಂದಿದ್ದಳು, ಒಂದು ಕ್ಲಿನಿಕ್ಕಿನಲ್ಲಿ ಅಕೌಂಟ್ಸ್ ಕೆಲಸ ಹಿಡಿದಿದ್ದಳು. ಗಾನವಿ ಹುಟ್ಟಿದ ಮೇಲೆ ಸುಮಂತನ ಸ್ಪಾನ್ಸರಿನಲ್ಲಿ ಲೋಲಾಕ್ಷಿ ಮತ್ತೆ ಬಂದಳು. ಮಗುವಿಗೆ ಎಣ್ಣೆ ಹಚ್ಚುವುದು, ರಾಗಿ ಮಣ್ಣಿ ಕಾಯಿಸುವುದು, ನರ್ಸರಿ ಬಸ್ಸಿಗೆ ಕೆಳಗಿಳಿಸುವುದು ಎಲ್ಲ ಅವಳದೇ. ತಾಯಿ ಮಗಳ ನಡುವೆ ಮಾತು ಇತ್ತು: ಉಪ್ಪು ತೀರಿದೆ, ಮಗುವಿಗೆ ಕೆಮ್ಮು, ಎಸಿ ಕಡಿಮೆ ಮಾಡು. ಅದಕ್ಕಿಂತ ಆಚೆ ಇಬ್ಬರೂ ಹೋಗುತ್ತಿರಲಿಲ್ಲ.

ಮೇ ಹದಿನೈದು, ಶುಕ್ರವಾರ. ಯಶ್ಮಿತಾ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಗುವನ್ನು ಬಸ್ಸು ಹತ್ತಿಸಿ ಬಂದ ಲೋಲಾಕ್ಷಿ ಅಡುಗೆಮನೆಯಲ್ಲಿ ನಿಂತು ಜೋಫಿಗೆ ವಿಡಿಯೋ ಕಾಲ್ ಹಚ್ಚಿದಳು. ಕ್ಯಾಲೆಂಡರಿನಲ್ಲಿ ಅದು ಜೋಫಿಯ ಹೆಸರಿನ ದಿನ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಕೊನೆಗೆ ಫೋನನ್ನು ಬಾಯಿಯ ಹತ್ತಿರ ಹಿಡಿದು ವಾಯ್ಸ್ ಮೆಸೇಜಿಗೆ ಹಾಡಿನ ಹಾಗೆ ಹೇಳಿದಳು: "ಬೋಲ್ದೋಗ್ ನೇವ್‌ನಪೋತ್, ನನ್ನ ಚಿನ್ನ! ಲೋಲಾ ಬರ್ತಾಳೆ, ಕೇಕು ಮಾಡಿಕೊಡ್ತಾಳೆ."

ತಿರುಗಿದರೆ ಬಾಗಿಲಲ್ಲಿ ಯಶ್ಮಿತಾ, ಕೈಯಲ್ಲಿ ಖಾಲಿ ಚಹಾ ಕಪ್ಪು.

"ಅದು ಯಾವ ಭಾಷೆಯಮ್ಮ?"

"ಅವರದ್ದು. ಜೋಫಿಯ ಹೆಸರಿನ ದಿನ ಅಲ್ವಾ ಇವತ್ತು."

"ಅವಳ ಹೆಸರಿನ ದಿನ ನೆನಪುಂಟು ನಿನಗೆ." ಯಶ್ಮಿತಾ ಕಪ್ಪನ್ನು ಸಿಂಕಿನಲ್ಲಿಟ್ಟಳು. "ನನ್ನ ಹುಟ್ಟಿದ ದಿನಕ್ಕೆ ಎಷ್ಟು ಸಲ ಫೋನ್ ಮಾಡಿದ್ದಿ? ಹೇಳು ನೋಡುವ. ಜೂನ್ ಒಂದು ಅಂದ್ರೆ ಶಾಲೆ ಶುರುವಾಗುವ ದಿನ. ನಾನು ಬ್ಯಾಗ್ ಎಸೆದು ಓಡಿ ಬಂದು ಫೋನಿನ ಬುಡದಲ್ಲಿ ಕೂತ್ಕೊಳ್ತಿದ್ದೆ. ಅಜ್ಜಿ ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ. ಒಂದು ವರ್ಷ ಆದ್ರೂ ರಿಂಗಾಯ್ತಾ?"

ಲೋಲಾಕ್ಷಿಗೆ ಏನೂ ಅರ್ಥವಾಗಲಿಲ್ಲ. "ಜೂನ್ ಒಂದಾ? ಅದು ಶಾಲೆಯ ಮೇಷ್ಟ್ರು ಬರೆದದ್ದಲ್ವಾ ಮಗಾ? ಅಜ್ಜಿಗೆ ತಾರೀಕು ಹೇಳ್ಲಿಕ್ಕೆ ಬರ್ಲಿಲ್ಲ, ಬೇಶ ತಿಂಗಳು ಅಂತ ಹೇಳಿದ್ರು. ಅರ್ಧ ಕ್ಲಾಸಿಗೆ ಅವರು ಜೂನ್ ಒಂದೇ ಬರೆದದ್ದು. ನೀನು ಹುಟ್ಟಿದ್ದು ಬೇಶದ ಸಂಕ್ರಾಂತಿಗೆ, ಮೇ ತಿಂಗಳ ನಡುವಿಗೆ. ನಾನು ಪ್ರತಿವರ್ಷ ಸಂಕ್ರಾಂತಿಗೆ ಫೋನ್ ಮಾಡ್ತಿದ್ದೆನಲ್ಲ. ಪಾಯಸ ತಿಂದ್ಯಾ ಅಂತ ಕೇಳ್ತಿದ್ದೆನಲ್ಲ! ಈಗಲೂ ಆ ದಿನ ನಾನು ಪಾಯಸ ಮಾಡುವುದು ಅದಕ್ಕೇ."

ಪಾಯಸ ಯಶ್ಮಿತಾಳಿಗೆ ನೆನಪಿತ್ತು. ಅದು ಸಂಕ್ರಾಂತಿಯ ಪಾಯಸ ಎಂದೇ ಅವಳು ತಿಂದದ್ದು. ಅಮ್ಮ ಫೋನಿನಲ್ಲಿ ಯಾಕೆ ಅಷ್ಟು ಪಾಯಸದ ವಿಚಾರ ಕೇಳುತ್ತಾಳೆ ಎಂದು ಬೇಸರ ಬಂದು ರಿಸೀವರನ್ನು ಅಜ್ಜಿಯ ಕೈಗೆ ಕೊಟ್ಟು ಆಡಲು ಓಡಿದ್ದೂ ನೆನಪಿತ್ತು.

"ಯಾರೂ ನನಗೆ ಹೇಳ್ಲಿಲ್ಲ," ಎಂದಳು ಮೆಲ್ಲಗೆ.

"ನಿನಗೆ ಗೊತ್ತುಂಟು, ಜೂನ್ ಒಂದು ಬರೀ ಪಾಸ್‌ಪೋರ್ಟಿನ ಲೆಕ್ಕಕ್ಕೆ ಅಂತ ನಾನು ಎಣಿಸಿದೆ. ಜೋಫಿಯ ದಿನವೂ ಅದರ ಹಿಂದೆ ಮುಂದೆಯೇ ಬರುವುದು. ಅವಳ ಕೇಕಿನ ಹಿಟ್ಟು ಕಲಸುವಾಗ ನಾನು ನಿನ್ನದೇ ಅಂತ ಕಲಸ್ತಿದ್ದೆ. ದೇವರಾಣೆ."

ತಾನು ಹೇಳಬಾರದ್ದನ್ನು ಹೇಳಿದೆನೆಂದು ಲೋಲಾಕ್ಷಿಗೆ ಮಗಳ ಮುಖ ನೋಡಿದ ಮೇಲೆ ತಿಳಿಯಿತು.

"ಕಲಸಿದ್ದು ನನ್ನದು, ತಿಂದದ್ದು ಅವಳು," ಎಂದಳು ಯಶ್ಮಿತಾ. "ಅಮ್ಮ, ನೀನು ನಮ್ಮ ಜೊತೆ ಬರುವುದು ಬೇಡ."

"ಎಂತ ಹೇಳ್ತಿ ಮಗಾ? ವೀಸಾ ಬಂದಾಗಿದೆ..."

"ಸಿಟ್ಟಿಗೆ ಹೇಳುವುದಲ್ಲ. ನೀನು ಆ ಮನೆಗೆ ಹೋದ್ರೆ ಕೂತ್ಕೊಳ್ಳುದಿಲ್ಲ. ಅವರು ಕೂರು ಅಂತಾರೆ, ನೀನು ಕುರ್ಚಿಯ ತುದಿಯಲ್ಲಿ ಕೂತು, ಊಟ ಮುಗಿಯುವ ಮೊದಲೇ ಎದ್ದು ತಟ್ಟೆ ಎತ್ತುತ್ತಿ. ಸಿಂಕಿನ ಹತ್ತಿರ ನಿಲ್ತಿ. ಗಾನವಿ ಅದನ್ನು ನೋಡ್ತಾಳೆ. ನಾನೂ ನೋಡ್ಬೇಕು. ನನ್ನಿಂದ ಆಗುದಿಲ್ಲ."

"ಒಳ್ಳೆಯ ಜನ ಅವರು..."

"ಒಳ್ಳೆಯವರೇ. ನಾನು ಇಲ್ಲ ಅನ್ನುದಿಲ್ಲ. ಒಳ್ಳೆಯವರ ಮನೆಯಲ್ಲಿ ನೀನು ಅಷ್ಟು ವರ್ಷ ನಿಂತೇ ಇದ್ದಿ."

ಲೋಲಾಕ್ಷಿಗೆ ಆ ಹೊತ್ತಿಗೆ ಎಲ್ಲಿಂದಲೋ ಒಂದು ಕಹಿ ನಾಲಗೆಗೆ ಬಂತು. ಸಿಂಕಿನಲ್ಲಿದ್ದ ಮಗಳ ಚಹಾ ಕಪ್ಪನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದು, "ಇಲ್ಲಿ ನಾನು ಕೂತೇ ಇದ್ದೇನಲ್ವಾ ಮಗಾ?" ಎಂದಳು.

ಯಶ್ಮಿತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಫೀಸಿನವರ ಜೊತೆ ಫೋನಿನಲ್ಲಿ ಅವಳು ಇಂಗ್ಲಿಷಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು. ದನಿ ಎಂದಿನಂತೆಯೇ ಇತ್ತು. ಜೋಫಿಯಿಂದ ಉತ್ತರ ಬಂದದ್ದು ಸಂಜೆ: ಒಂದು ಕೆಂಪು ಹೃದಯದ ಚಿತ್ರ, ಅಷ್ಟೇ.

ಸುಮಂತ್ ಇಬ್ಬರ ನಡುವೆ ನಾಲ್ಕು ದಿನ ಓಡಾಡಿದ. "ಮಾಮಿ, ನೀವು ಒಂದು ಸಲ ಸಾರಿ ಅಂದು ಬಿಡಿ. ಯಶೂ, ನೀನಾದ್ರೂ ಸ್ವಲ್ಪ ಬಗ್ಗು. ನನಗೆ ಅಲ್ಲಿ ಗ್ಲಾಸ್ ತಾಗಿಸಬಾರದು ಅಂತ ನೆನಪು ಮಾಡ್ಲಿಕ್ಕೆ ಯಾರು ಬೇಕು?" ಯಾರೂ ನಗಲಿಲ್ಲ. ಕೊನೆಗೆ ಲೋಲಾಕ್ಷಿಯೇ, "ನನಗೆ ಮಂಡಿನೋವು. ನೀವು ಹೋಗಿ ಬನ್ನಿ. ಊಟಕ್ಕೆ ಮಾತ್ರ ತಪ್ಪದೆ ಹೋಗಿ, ಮೇಡಂ ಹಿಂದಿನ ದಿನದಿಂದಲೇ ಅಡುಗೆ ಶುರುಮಾಡ್ತಾರೆ. ಒಲೆ ಹಚ್ಚಿದ ಮೇಲೆ ಹೋಗದಿದ್ದರೆ ಅವರಿಗೆ ದೊಡ್ಡ ಅವಮಾನ," ಎಂದಳು. ಅವಳ ಟಿಕೆಟು ರದ್ದಾಯಿತು.

ಹೊರಡುವ ಬೆಳಗ್ಗೆ ಜೋಫಿಗೆಂದು ಕರಿದ ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ಲೋಲಾಕ್ಷಿ ಗಾನವಿಯ ಪುಟ್ಟ ಬ್ಯಾಗಿನಲ್ಲಿಟ್ಟಳು. "ಇದು ಆ ಅಕ್ಕನಿಗೆ ಕೊಡ್ಬೇಕು, ಆಯ್ತಾ?"

"ವಿಚ್ ಅಕ್ಕ, ಅಜ್ಜಿ?"

"ಅಮ್ಮ ತೋರಿಸ್ತಾರೆ."

ಯಶ್ಮಿತಾ ಕೇಳಿಸಿಕೊಂಡಳು. "ಹೋಗ್ತೇವೆ ಅಮ್ಮ," ಎಂದಳು. "ಭಾನುವಾರ ಅಲ್ಲಿಂದಲೇ ವಿಡಿಯೋ ಕಾಲ್ ಮಾಡ್ತೇನೆ."

ಭಾನುವಾರ ಲೋಲಾಕ್ಷಿ ಬೇಗ ಸ್ನಾನ ಮಾಡಿ, ಮದುವೆಗೆ ಉಡುವ ಸೀರೆ ಉಟ್ಟು, ಸೋಫಾದಲ್ಲಿ ಕೂತು ಫೋನನ್ನು ಹೂದಾನಿಗೆ ಒರಗಿಸಿಟ್ಟಳು. ಈಗ ಚಪ್ಪಲಿ ಬಿಚ್ಚಿರುತ್ತಾರೆ. ಈಗ ಬಂಗಾರದ ಬಣ್ಣದ ಕೋಳಿಸೂಪು ಬಂದಿರುತ್ತದೆ, ಅದರ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿರುತ್ತವೆ. ಫೋನು ಸುಮ್ಮನಿತ್ತು. ತಡೆಯಲಾರದೆ ಸುಮಂತನ ಸ್ಟೇಟಸ್ ತೆರೆದಳು. ಆಗಷ್ಟೇ ಹಾಕಿದ ಚಿತ್ರ: ನದಿಯ ಮೇಲೆ ದೋಣಿ, ಗಾನವಿಯ ಕೈಯಲ್ಲಿ ಐಸ್‌ಕ್ರೀಮು, ಅವಳ ಹಿಂದೆ ಗಾಳಿಗೆ ಕೂದಲು ಹಾರಿಸಿಕೊಂಡು ಯಶ್ಮಿತಾ. ಚಿಪ್ಸಿನ ಪೊಟ್ಟಣ ಮಗುವಿನ ಮಡಿಲಲ್ಲಿ ಬಾಯಿ ತೆರೆದುಕೊಂಡಿತ್ತು.

ಅಷ್ಟರಲ್ಲಿ ರಿಂಗಾಯಿತು. ಎಮಿಲಿಯಾ ಮೇಡಂ. ಅವರ ಬೆನ್ನ ಹಿಂದೆ ಬಿಳಿ ಬಟ್ಟೆ ಹಾಸಿದ ಮೇಜು, ಮುಟ್ಟದ ತಟ್ಟೆಗಳು.

"ಲೋಲಾ, ನಿನ್ನವರು ಎಲ್ಲಿ?" ಮೇಡಂನದು ಎಂದಿನ ನಿಧಾನದ ಇಂಗ್ಲಿಷು. "ಸೂಪನ್ನು ಎರಡು ಸಲ ಬಿಸಿ ಮಾಡಿದೆ. ನಿನ್ನ ಮಗಳು ಫೋನ್ ಎತ್ತುತ್ತಿಲ್ಲ."

ಆ ಮನೆಯಲ್ಲಿದ್ದ ವರ್ಷಗಳಲ್ಲಿ ಲೋಲಾಕ್ಷಿ ಮೇಡಂಗೆ ಒಂದು ಸುಳ್ಳನ್ನೂ ಹೇಳಿದವಳಲ್ಲ. ಒಡೆದ ಕಪ್ಪನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿದವಳು.

"ಮಗುವಿಗೆ ಜ್ವರ ಮೇಡಂ. ಬೆಳಗ್ಗೆಯೇ ಮಗಳು ನನಗೆ ಹೇಳಿದ್ದಳು. ನಿಮಗೆ ತಿಳಿಸಲು ನಾನು ಮರೆತೆ. ತಪ್ಪು ನನ್ನದು."

"ಅಯ್ಯೋ ಪಾಪ!" ಮೇಡಂ ಮುಖ ಚಿಕ್ಕದು ಮಾಡಿದರು. "ಇರಲಿ. ಜೋಫಿಯೂ ಇಲ್ಲ, ನಿನ್ನೆಯೇ ಗೆಳತಿಯರ ಜೊತೆ ಸರೋವರಕ್ಕೆ ಹೋದಳು. ಲೋಲಾಳೇ ಬರುವುದಿಲ್ಲವಲ್ಲ, ಮತ್ತೆ ನಾನೇಕೆ ಅಂದಳು. ಈ ವಯಸ್ಸಿನವರನ್ನು ಹಿಡಿದು ಕೂರಿಸಲಿಕ್ಕೆ ಆಗುತ್ತದಾ? ನೋಡು, ಇಷ್ಟೊಂದು ಅಡುಗೆ! ನೀನಿದ್ದಿದ್ದರೆ ಎಲ್ಲವನ್ನೂ ಡಬ್ಬಿಗೆ ತುಂಬಿ, ಅಡುಗೆಮನೆ ಒರೆಸಿ ಇಟ್ಟುಬಿಡುತ್ತಿದ್ದೆ, ಅಲ್ಲವಾ?"

ಪ್ರೀತಿಯಿಂದಲೇ ನಕ್ಕರು. ಲೋಲಾಕ್ಷಿಯೂ ನಕ್ಕಳು. "ಹೌದು ಮೇಡಂ. ಸೂಪಿನಿಂದ ಕ್ಯಾರೆಟ್ಟು ಬೇರೆ ತೆಗೆದಿಡಿ, ಇಲ್ಲದಿದ್ದರೆ ಫ್ರೀಜರಿನಲ್ಲಿ ಮೆತ್ತಗಾಗ್ತದೆ. ನೀಲಿ ಮುಚ್ಚಳದ ಡಬ್ಬಿಗೆ ಹಾಕಬೇಡಿ, ಅದು ಸೋರ್ತದೆ." ಹೇಳುತ್ತಾ ಹೇಳುತ್ತಾ ತಾನು ಸೋಫಾದಿಂದ ಎದ್ದು ನಿಂತಿರುವುದು ಅವಳಿಗೆ ಗೊತ್ತಾಯಿತು.

ಮೇಡಂ ಫೋನಿಟ್ಟ ಮೇಲೆ ಅವಳು ಮಗಳಿಗೆ ಹಚ್ಚಿದಳು. ಈ ಸಲ ಎತ್ತಿದಳು. ಹಿಂದೆ ಗಾಳಿ, ದೋಣಿಯ ಸದ್ದು.

"ಮೇಡಂ ಸಿಕ್ಕಿ ಕೇಳಿದ್ರೆ ಗಾನವಿಗೆ ಜ್ವರ ಅಂತ ಹೇಳು. ನಾನು ಹಾಗೆ ಹೇಳಿದ್ದೇನೆ."

"ನೀನು ಅವರಿಗೆ ಸುಳ್ಳು ಹೇಳಿದ್ಯಾ?"

"ಹೂಂ."

"ಗೇಟಿನವರೆಗೆ ಹೋಗಿದ್ದೆವಮ್ಮ. ಬೆಲ್ ಒತ್ತಲಿಕ್ಕೆ ನನ್ನಿಂದ ಆಗ್ಲಿಲ್ಲ." ಮತ್ತೆ ಗಾಳಿ. ಆಮೇಲೆ, ಕೇಳಬಾರದೆಂದುಕೊಂಡೇ ಕೇಳಿದ ಹಾಗೆ, "ಅವಳು ಇದ್ಲಾ? ಜೋಫಿ?"

ಲೋಲಾಕ್ಷಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇದ್ಲಂತೆ. ಬೆಳಗ್ಗಿನಿಂದ ಬಾಗಿಲಲ್ಲೇ ಕೂತು ಕಾದ್ಲಂತೆ."

"ಕಾಯಲಿ," ಎಂದಳು ಯಶ್ಮಿತಾ. ಎಷ್ಟೋ ವರ್ಷಗಳಿಂದ ಲೋಲಾಕ್ಷಿ ಕೇಳದಿದ್ದ ಒಂದು ಸಮಾಧಾನ ಆ ದನಿಯಲ್ಲಿತ್ತು. ಅವಳು ಅದನ್ನು ಕೆಡಿಸಲಿಲ್ಲ.