ಪಟ್ಟಿಯಿಂದ ಬಿದ್ದುಹೋದವಳು

ಬೆಳಗ್ಗೆ ಲ್ಯಾಬಿನಲ್ಲಿ ಹುಡುಗಿಯೊಬ್ಬಳು ಬ್ಯಾಗ್ ತೆರೆದಳು, ಕೊಬ್ಬರಿ ಚಟ್ನಿಪುಡಿಯ ವಾಸನೆ ಬಂತು. ಪಾಠ ಹೇಳುತ್ತಿದ್ದವಳು ತಡವರಿಸಿದೆ. ನಾನು ಕಲಿಯುವಾಗ ಪಕ್ಕದ ಸಿಸ್ಟಮ್‌ನಲ್ಲಿ ಕೂರುತ್ತಿದ್ದವಳು ನೆನಪಾಗಿದ್ದಳು... ಹಳೇ ಹೊಟ್ಟೆಕಿಚ್ಚೂ ಜೊತೆಗೇ ಬಂತು.

ಶಿರಾ ಗೇಟ್ ಹತ್ತಿರದ ಇದೇ ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಕಲಿಯುತ್ತಿದ್ದೆವು. ನನ್ನ ಮನೆ ಹಿಂದಿನ ಬೀದಿಯಲ್ಲೇ. ಅವಳು ಅಮೃತೂರಿನಿಂದ ಎರಡು ಬಸ್ ಬದಲಾಯಿಸಿ, ತಡವಾಗಿ ಬಂದು, ನನಗಿಂತ ಮೊದಲು ಮುಗಿಸುತ್ತಿದ್ದಳು. ನಾನು ಮೂವತ್ತು ಸಾಲಿನ ಪ್ರೋಗ್ರಾಂ ಬರೆದು ಒದ್ದಾಡುವಾಗ ಅವಳದು ಒಂದೇ ಸಾಲು. ಸರ್ ಅವಳ ಕುರ್ಚಿಯ ಹಿಂದೆಯೇ ನಿಂತಿರುತ್ತಿದ್ದರು. ಅವಳು ಕೊಟ್ಟ ಚಟ್ನಿಪುಡಿ ತಿನ್ನುತ್ತಲೇ ನಾನು ಒಳಗೊಳಗೇ ಉರಿಯುತ್ತಿದ್ದೆ.

ಕೊನೆಯ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರೇ ಹಾಕಿತ್ತು. ಪ್ರತಿ ಹೆಸರಿಗೂ ಅದರ ಅಂಕ ಹೊಂದಿಸಿದ್ದ ಜೋಡಿಪಟ್ಟಿ, ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮ್ಯಾಪ್. ಸರ್ ಅದನ್ನು ನೋಡದೆಯೇ ನನಗೆ ಕೊಟ್ಟು, ಅಂಕದ ಪ್ರಕಾರ ಹೆಸರುಗಳನ್ನು ಜೋಡಿಸಿ ಗೋಡೆಗೆ ಅಂಟಿಸಲು ಹೇಳಿದರು. ಮೊದಲು ಬಂದವರಿಗೆ ಇಲ್ಲೇ ಪಾಠ ಹೇಳುವ ಕೆಲಸ.

ನಾನು ಮ್ಯಾಪನ್ನೇ ತಿರುಗಿಸಿದೆ. ಅಂಕ ಮುಂದೆ, ಹೆಸರು ಹಿಂದೆ. ಅಂಕಗಳನ್ನು ಜೋಡಿಸಿ ಒಂದೊಂದಕ್ಕೂ ಹೆಸರು ತೆಗೆದೆ. ನನ್ನದು ಮೊದಲು ಬಂತು. ಅವಳ ಹೆಸರು ಎಲ್ಲೂ ಇರಲಿಲ್ಲ. ನಮ್ಮಿಬ್ಬರಿಗೂ ಒಂದೇ ಅಂಕ ಬಂದಿತ್ತು. ತಿರುಗಿಸಿದ ಮ್ಯಾಪಿನಲ್ಲಿ ಒಂದು ಅಂಕಕ್ಕೆ ಒಂದೇ ಹೆಸರಿಗೆ ಜಾಗ, ಆಮೇಲೆ ಬಂದ ನನ್ನ ಹೆಸರು ಅವಳದನ್ನು ಅಳಿಸಿತ್ತು. ಗೊತ್ತಾಯಿತು. ಆದರೂ ಅಂಟಿಸಿದೆ.

ಅವಳು ಗೋಡೆ ನೋಡಿದಳು, ಆಮೇಲೆ ನನ್ನ ಸ್ಕ್ರೀನ್ ನೋಡಿದಳು. ನಕ್ಕುಬಿಟ್ಟಳು.

“ಅಕ್ಕ, ತಿರುಗಿಸ್ಬಾರ್ದಾಗಿತ್ತು ಕಣಕ್ಕ. ಹೆಸರುಗಳ್ನೇ ತಗೊಂಡು, ಅವುಗಳ ಅಂಕ ನೋಡಿ ಜೋಡ್ಸು ಅಂದ್ರೆ ಮುಗೀತು. ಮ್ಯಾಪು ಹಂಗೇ ಇರ್ತದೆ, ಯಾರೂ ಬಿದ್ದೋಗಲ್ಲ.”

“ಸರ್‌ಗೆ ಹೇಳ್ತೀಯಾ?” ಎಂದೆ.

“ನಾನ್ಯಾಕೆ? ನೀನೇ ಹೇಳ್ತೀಯ ಬುಡಕ್ಕ. ನಂಗೆ ಬಸ್ಸಿಗೆ ಹೊತ್ತಾಯ್ತು.”

ಸಂಜೆ ಸರ್ ಕೇಳಿದರು. “ಆ ಅಮೃತೂರಿನ ಹುಡುಗಿ ಎಷ್ಟನೆಯವಳು?”

“ಪಟ್ಟೀಲಿಲ್ಲ ಸರ್.”

ಅವಳು ಫೇಲಾದಳೆಂದೇ ಸರ್ ತಿಳಿದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮರುದಿನ ಕೆಲಸ ನನ್ನದಾಗಿದ್ದು ಅವಳಿಗೆ ತಿಳಿಯಿತು. ತನ್ನ ಪುಸ್ತಕ ಎತ್ತಿಕೊಂಡಳು, ಚಟ್ನಿಪುಡಿ ಡಬ್ಬಿ ಮೇಜಿನ ಮೇಲೇ ಉಳಿಯಿತು. ಮತ್ತೆ ಬರಲಿಲ್ಲ... ನನ್ನನ್ನು ಅಷ್ಟು ನಂಬಿದವರು ಆಮೇಲೆ ಯಾರೂ ಸಿಗಲಿಲ್ಲ.

ಇವತ್ತು ಬೋರ್ಡಿನ ಮೇಲೆ, ಅಂಕ ನೋಡಿ ಹೆಸರು ಜೋಡಿಸುವ ಅವಳ ಆ ಒಂದೇ ಸಾಲು ಬರೆದೆ. ಚಟ್ನಿಪುಡಿಯ ಹುಡುಗಿ ಕಣ್ಣರಳಿಸಿದಳು. “ಎಷ್ಟು ಸಲೀಸು ಮೇಡಂ! ನೀವೇ ಯೋಚ್ನೆ ಮಾಡಿದ್ದಾ?”

“ಹೂಂ” ಅಂದುಬಿಟ್ಟೆ. ಆ ಒಂದು ಸಾಲನ್ನೂ ಅಮೃತೂರಿನವಳಿಗೆ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.