ನಡೆದದ್ದಕ್ಕೆ ಪಂಚಾಯ್ತಿ

ನೋಡ್ರಪ್ಪಾ, ಇವತ್ತು ನಾನು ನಡೆದೆ ಅಂತ ಮನೆಗೆ ಪಂಚಾಯ್ತಿ ಬಂತು!

"ವಯಸ್ಸಾಯ್ತು, ಅದರ ಮೇಲೆ ಯಾವಾಗ್ಲೂ ಕೂತೇ ಇರ್ತೀರಿ. ಮೈ ಇನ್ಸುಲಿನ್ ಮಾತು ಕೇಳ್ತಿಲ್ಲ, ದಿನಾ ನಡೀರಿ" ಎಂದಿದ್ದರು ಕಾರಿಮಂಗಲದ ಡಾಕ್ಟರು. ಬೆಳಿಗ್ಗೆ ಕಂಬೈನಲ್ಲೂರು ರಸ್ತೆ ಹಿಡಿದೆ. ಮೊಪೆಡ್ಡಿನವರೆಲ್ಲ ನಿಲ್ಲಿಸಿ "ಕೂತ್ಕೊ ಅತ್ತೆ" ಎಂದರು. ನಾನು ಹತ್ತಲಿಲ್ಲ.

ಅದು ನನ್ನ ತವರಿನ ದಾರಿ. ಹೆಂಗಸೊಬ್ಬಳೇ ಆ ಕಡೆ ನಡೆದರೆ ಮನೆಯಲ್ಲಿ ಜಗಳವೆಂದೇ ಊರಿನ ತೀರ್ಮಾನ. ನಾನು ಮರಳುವಷ್ಟರಲ್ಲಿ ಸುದ್ದಿ ತವರಿಗೆ ಮುಟ್ಟಿ, ನನ್ನ ತಮ್ಮ ಮೊಪೆಡ್ಡಿನಲ್ಲಿ ಬಂದು ನನ್ನ ಸೊಸೆಯನ್ನು ಬೈಯುತ್ತಿದ್ದ.

"ಅಕ್ಕಾ, ಯಾಕಕ್ಕಾ ಮನೆ ಬಿಟ್ಟೋದೆ?"

"ಮನೆ ಬಿಟ್ಟಿಲ್ಲ ಕಣ್ಲಾ, ಕೂರೋದು ಬಿಟ್ಟಿವ್ನಿ. ಸಕ್ಕರೆ ಕಾಯ್ಲೆ ಐತೆ ನಂಗೆ."

ನಾಳೆಯೂ ಅದೇ ದಾರಿ ಹಿಡಿಯುತ್ತೇನೆ. ತಮ್ಮನ ಹೊಟ್ಟೆಯೂ ಮುಂದೆ ಬಂದಿದೆ. ಪಂಚಾಯ್ತಿಗೆ ಬರುವುದಾದರೆ ಅವನೂ ನಡೆದೇ ಬರಲಿ.