ನೀಲಿ ಡ್ರಮ್ಮಿನ ಕಲ್ಲಂಗಡಿ

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳವು. ನಾವು ಚಿಕ್ಕಬಾಣಾವರದ ಒಂದು ಮನೆಯ ತಾರಸಿಯ ಮೇಲೆ ಕಟ್ಟಿದ್ದ ಒಂಟಿ ರೂಮಿನಲ್ಲಿ ಬಾಡಿಗೆಗಿದ್ದೆವು. ಗಂಡ ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕಬ್ಬಿಣದ ಸಾಮಾನನ್ನು ತೊಟ್ಟಿಯಲ್ಲಿ ಅದ್ದಿ ಹೊಳಪು ಬರಿಸುವ ಕೆಲಸ ಮಾಡುತ್ತಿದ್ದರು. ನಾನು ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ನಾನು ಬಸುರಿಯಾಗಿ ಮೂರು ತಿಂಗಳಾದಾಗ ಬಿಜಾಪುರದ ಕಡೆಯ ನಮ್ಮೂರಿನಿಂದ ಅತ್ತೆ ಬಂದರು.

ಅತ್ತೆಗೆ ಕೈಕಟ್ಟಿ ಕೂತು ಗೊತ್ತಿಲ್ಲ. ಬಂದ ವಾರದಲ್ಲೇ ಸೀರೆಯ ಗಂಟಿನಿಂದ ಕಲ್ಲಂಗಡಿ ಬೀಜ ತೆಗೆದು, "ಇಷ್ಟ್ ದೊಡ್ಡ ಮಾಳಗಿ ಬಿಸಲಾಗ ಸುಮ್ಮನ ಬಿದ್ದೈತಿ, ಒಂದ್ ಬಳ್ಳಿ ಹಬ್ಬಸೂಣು" ಅಂದರು. ಮಣ್ಣು ತುಂಬಲು ಪಾತ್ರೆ ಬೇಕಾಯಿತು. ಗಂಡ ಶೆಡ್ಡಿನ ಹಿಂದೆ ಬಿದ್ದಿದ್ದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಕೇಳಿ ತಂದು, ಅಡ್ಡಕ್ಕೆ ಕೊಯ್ದು, ಸೋಪಿನ ಪುಡಿ ಹಾಕಿ ತೊಳೆದರು. ಅತ್ತೆ ಅದಕ್ಕೆ ಕೆಂಪು ಮಣ್ಣು, ಹಟ್ಟಿಗೊಬ್ಬರ ತುಂಬಿ ಬೀಜ ಊರಿದರು.

ಬಳ್ಳಿ ತಾರಸಿಯ ಮೇಲೆ ಹಾಸಿದ್ದ ಗೋಣಿಚೀಲಗಳ ತುಂಬ ಹಬ್ಬಿತು. ಅಷ್ಟು ಎತ್ತರಕ್ಕೆ ಜೇನುನೊಣ ಬರುವುದಿಲ್ಲವೆಂದು ಅತ್ತೆ ಬೆಳಗ್ಗೆ ಗಂಡು ಹೂವು ಕಿತ್ತು, ಬೆನ್ನಿಗೆ ಗೋಲಿಯಂಥ ಮಿಡಿ ಹೊತ್ತ ಹೆಣ್ಣು ಹೂವಿಗೆ ತಾವೇ ಸವರುತ್ತಿದ್ದರು. ಹಲವು ಮಿಡಿಗಳು ಉದುರಿ ಕೊನೆಗೆ ಎರಡು ನಿಂತವು. ಒಂದು ಬೇಗ ದಪ್ಪವಾಯಿತು, ಇನ್ನೊಂದು ಹಿಂದೆ ಉಳಿಯಿತು.

ನನಗೆ ಆರು ತಿಂಗಳು ತುಂಬುವ ಹೊತ್ತಿಗೆ ದೊಡ್ಡ ಹಣ್ಣಿನ ಮೇಲೆ ವಿಪರೀತ ಆಸೆ ಹುಟ್ಟಿತ್ತು. ಕೆಲಸದಿಂದ ಬಂದವಳೇ ಅದರ ಮುಂದೆ ಕೂರುತ್ತಿದ್ದೆ. ಅತ್ತೆ ಮಾತ್ರ ಬಿಡಲಿಲ್ಲ. ತೊಟ್ಟಿನ ಪಕ್ಕದ ಸುರುಳಿ ಎಳೆ ಪೂರ್ತಿ ಒಣಗಬೇಕು ಅನ್ನುವರು. ಹಣ್ಣನ್ನು ಮೆಲ್ಲಗೆ ಹೊರಳಿಸಿ, ಗೋಣಿಗೆ ತಾಗಿದ್ದ ಹೊಟ್ಟೆಯ ಭಾಗ ತೋರಿಸಿ, "ಇನ್ನಾ ಬೆಳ್ಳಗೈತಿ ನೋಡು. ಬೆಣ್ಣಿ ಕಾಸಿದಂಗ ಹಳದಿ ಆಗಬೇಕು" ಅನ್ನುವರು. ನನ್ನ ಬೆರಳು ಹಿಡಿದು ಮೊದಲು ನನ್ನ ಹಣೆಗೆ, ಆಮೇಲೆ ಎದೆಗೆ, ಆಮೇಲೆ ಹಣ್ಣಿಗೆ ತಟ್ಟಿಸಿದರು. ಹಣೆಯ ಹಾಗೆ ಗಟ್ಟಿ ಸದ್ದು ಬಂದರೆ ಇನ್ನೂ ಕಾಯಿ, ಎದೆಯ ಹಾಗೆ ತುಂಬಿದ ಸದ್ದು ಬಂದರೆ ಹಣ್ಣು.

ಒಂದು ಭಾನುವಾರ ಬೆಳಗ್ಗೆ ಎಳೆ ಕಡ್ಡಿಯಂತೆ ಒಣಗಿತ್ತು, ಹೊಟ್ಟೆ ಹಳದಿಗೆ ತಿರುಗಿತ್ತು. ಅತ್ತೆ ಎರಡು ಸಲ ಬಡಿದು ಕಿವಿಗೊಟ್ಟು, "ಕುಡಗೋಲ್ ತಾ" ಅಂದರು. ಒಳಗೆ ಕಡುಕೆಂಪು. ನಾನು ಎಷ್ಟು ಹೋಳು ತಿಂದೆನೋ ಲೆಕ್ಕವಿಡಲಿಲ್ಲ. ಕೆಳಗಿನ ಮನೆಯ ಓನರ್ ಆಂಟಿಗೂ ಅವರ ನಾಲ್ಕು ವರ್ಷದ ಮೊಮ್ಮಗಳಿಗೂ ನಾನೇ ತಟ್ಟೆ ತುಂಬ ಕೊಟ್ಟುಬಂದೆ. ಮಗು ನನ್ನೆದುರಿಗೇ ತಿಂದು, ಇನ್ನೂ ಬೇಕೆಂದು ಕೈ ಚಾಚಿತು.

ಮಧ್ಯಾಹ್ನ ಗಂಡನ ಜೊತೆ ಕೆಲಸ ಮಾಡುವವರೊಬ್ಬರು ಮನೆಗೆ ಬಂದರು. ನೀರು ಕುಡಿಯುತ್ತ ತಾರಸಿಯಲ್ಲಿ ಅಡ್ಡಾಡಿದವರು ಡ್ರಮ್ಮಿನ ಹತ್ತಿರ ನಿಂತುಬಿಟ್ಟರು.

"ಗುರು, ಈ ಡ್ರಮ್ ಶೆಡ್ ಹಿಂದೆ ಇದ್ದಿದ್ದಾ?"

"ಹೌದು. ಸೋಪಿನ ನೀರಿಂದು. ಕೇಳೇ ತಂದೀನಿ."

"ಅಲ್ಲಿ ಎರಡಿತ್ತು ಕಣೋ. ಒಂದ್ರಲ್ಲಿ ಸೋಪು, ಇನ್ನೊಂದ್ರಲ್ಲಿ ಕ್ರೋಮ್ ನೀರು ಹಾಕ್ತಿದ್ವಿ. ನೀನು ಯಾವುದು ತಂದೆ?"

ಕ್ರೋಮ್ ನೀರೆಂದರೆ ಏನೆಂದು ನನಗೆ ಗೊತ್ತಿತ್ತು. ತೊಟ್ಟಿಯಿಂದ ತೆಗೆದ ಹಳದಿ ನೀರು. ಮೈಗೆ ಬಿದ್ದರೆ ಸುಡುತ್ತದೆ ಎಂದು ಗಂಡ ತಮ್ಮ ಅಂಗಿಯನ್ನು ನನ್ನ ಬಟ್ಟೆಯ ಜೊತೆ ನೆನೆಸಲೂ ಬಿಡುತ್ತಿರಲಿಲ್ಲ. ಗಂಡ ಕುಕ್ಕರಗಾಲಲ್ಲಿ ಕೂತು ಡ್ರಮ್ಮಿನ ಅಂಚಿನ ಮಣ್ಣನ್ನು ಬೆರಳಿಂದ ಸರಿಸಿದರು. ನೀಲಿಯ ಮೇಲೆ ಮಾಸಲು ಹಳದಿ ಗೆರೆಯೊಂದು ಸುತ್ತ ಹೋಗಿತ್ತು. ಅದು ಕೆಂಪು ಮಣ್ಣಿನ ಕಲೆಯೂ ಆಗಿರಬಹುದಿತ್ತು.

ಬಂದವರು ಹೋದಮೇಲೆ ನಾನು ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ತಿಂದು ನಾಲ್ಕು ತಾಸಾಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಕೂತೆ. ಊಟದ ನಂತರ ದಿನವೂ ಒದೆಯುವ ಕೂಸು ಅವತ್ತು ಒದೆಯಲಿಲ್ಲ. ಅತ್ತೆ ಒಂದೇ ಸಮನೆ ಹೇಳುತ್ತಿದ್ದರು, "ನಾನ ತಿನಿಸಿದೆನಲ್ಲೋ ಯಪ್ಪಾ, ನನ್ನ ಕೈಯಾರ ತಿನಿಸಿದೆ."

ನನಗೆ ಥಟ್ಟನೆ ಕೆಳಗಿನ ಮಗುವಿನ ನೆನಪಾಯಿತು. ಎದ್ದೆ.

"ಎಲ್ಲಿಗೆ?" ಎಂದು ಗಂಡ ಕೇಳಿದರು.

"ಆಂಟಿಗೆ ಹೇಳಬೇಕು."

"ನಾಳೆ ನಾ ಶೆಡ್ಡಿಗೆ ಹೋಗಿ ನೋಡತೀನಿ. ಸೋಪಿಂದೇ ಇದ್ರ ಸುಮ್ನ ಯಾಕ ಹೆದರಸೂದು? ಮನಿ ಬಿಡು ಅಂದ್ರ ಈ ಹೊಟ್ಟಿ ಹೊತಗೊಂಡು ಎಲ್ಲಿ ಹೋಗತಿ?"

ಆ ಮಾತೂ ನನ್ನನ್ನು ಹೆದರಿಸಿತು. ಮೆಟ್ಟಿಲ ಮೇಲೆ ಎರಡು ಸಲ ನಿಂತೆ. ಕೆಳಗೆ ಮಗು ಹೊಸ್ತಿಲಲ್ಲಿ ಕೂತು ಆಡುತ್ತಿತ್ತು. ಅದರ ಫ್ರಾಕಿನ ಮೇಲೆ ಕಲ್ಲಂಗಡಿಯ ರಸದ ಕಲೆ ಇನ್ನೂ ಹಾಗೇ ಇತ್ತು. ನಾನು ಏನು ಹೇಳಿದೆನೋ, ಎಷ್ಟು ತಡವರಿಸಿದೆನೋ. ಆಂಟಿ ಪೂರ್ತಿ ಕೇಳಿಸಿಕೊಂಡು, ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರು.

"ಇವತ್ತು ಭಾನುವಾರ, ಕ್ಲಿನಿಕ್ ಇರಲ್ಲ. ಬೆಳಗ್ಗೆ ಡಾಕ್ಟರ್ ಹತ್ರ ಹೋಗೋಣ. ನೀನೂ ಬಾ" ಅಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬಾಗಿಲು ಹಾಕಿಕೊಂಡರು.

ಸೋಮವಾರ ಬೆಳಗ್ಗೆ ಗಂಡ ಮೊದಲು ಶೆಡ್ಡಿಗೆ ಹೋದರು. ನಾನು, ಅತ್ತೆ, ಆಂಟಿ, ಮಗು ಎಲ್ಲ ನಾನು ತೋರಿಸಿಕೊಳ್ಳುತ್ತಿದ್ದ ಲೇಡಿ ಡಾಕ್ಟರ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತೆವು. ನಮ್ಮ ಸರದಿ ಬರುವ ಮೊದಲೇ ಗಂಡ ಬಂದರು. ಶೆಡ್ಡಿನ ಹಿಂದೆ ಉಳಿದಿದ್ದ ಡ್ರಮ್ಮಿಗೆ ಮೂಗಿಟ್ಟು ನೋಡಿದರಂತೆ. ಅದು ಸೋಪಿನದು. ಹಾಗಾದರೆ ನಾವು ತಂದದ್ದು ಇನ್ನೊಂದು.

ಡಾಕ್ಟರ್ ಮಗುವಿನ ಕಣ್ಣು, ನಾಲಿಗೆ, ಹೊಟ್ಟೆ ನೋಡಿದರು. ವಾಂತಿ, ಭೇದಿ ಏನಾದರೂ ಆಯಿತೇ ಎಂದು ಇಬ್ಬರನ್ನೂ ಕೇಳಿದರು. ಇಲ್ಲ ಅಂದೆವು. "ಡ್ರಮ್ ತೊಳೆದಿದ್ದೀರಿ, ಮೇಲೆ ಅಷ್ಟೊಂದು ಮಣ್ಣಿದೆ. ಬೇರು ಎಳ್ಕೊಂಡಿದ್ದೆಲ್ಲ ಹಣ್ಣಿಗೆ ಹೋಗಲ್ಲ. ಒಂದು ಹಣ್ಣಿಂದ ಏನೂ ಆಗಲ್ಲ ಅನ್ಸುತ್ತೆ" ಅಂದರು. ಆ 'ಅನ್ಸುತ್ತೆ' ನನ್ನ ಕಿವಿಯಲ್ಲೇ ಕೂತಿತು. ರಕ್ತ, ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು. ಆಮೇಲೆ ನನ್ನನ್ನು ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಎದೆಬಡಿತ ಕೇಳುವ ಯಂತ್ರ ಇಟ್ಟು ಸರಿಸಿದರು. ಮೊದಲು ಬರೀ ಗೊರಗೊರ. ಇನ್ನೊಂದು ಕಡೆಗೆ ಸರಿಸಿದರು, ಅಲ್ಲೂ ಇಲ್ಲ. ನಾನು ಅತ್ತೆಯ ಸೆರಗು ಹಿಡಿದೆ. ಆಮೇಲೆ ಬಂತು, ಕುದುರೆ ಓಡಿದಂಥ ಸದ್ದು. ಅತ್ತೆ ಗೋಡೆಗೆ ಒರಗಿ ಅತ್ತರು.

ನಾನು ಏಳುವಷ್ಟರಲ್ಲಿ ಡಾಕ್ಟರ್ ನನ್ನ ಗಂಡನ ಕೈ ನೋಡಿದರು. ಚೀಟಿ ತೆಗೆದುಕೊಳ್ಳಲು ಚಾಚಿದ್ದ ಕೈ ಅದು. ಬೆರಳ ಗೆಣ್ಣುಗಳ ಹತ್ತಿರ ಮೊಳೆ ಹೊಡೆದಂಥ ಸಣ್ಣ ಸಣ್ಣ ಕುಳಿಗಳಿದ್ದವು. ಅವನ್ನು ನಾನು ಮದುವೆಯಾದಾಗಿನಿಂದ ನೋಡುತ್ತಿದ್ದೆ.

"ಏನ್ರೀ ಇದು?"

"ಕೆಲಸದ್ದು ಮೇಡಂ. ಎಲ್ಲಾರಿಗೂ ಇರತಾವು."

"ಮೂಗಲ್ಲಿ ರಕ್ತ ಬರುತ್ತಾ?"

ಅವರು ನನ್ನ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತ, "ಒಮ್ಮೊಮ್ಮೆ" ಅಂದರು. ನನಗೆ ಅದು ಗೊತ್ತೇ ಇರಲಿಲ್ಲ. ಡಾಕ್ಟರ್ ಟಾರ್ಚ್ ಹಾಕಿ ಮೂಗಿನೊಳಗೆ ನೋಡಿ, ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಹುಣ್ಣಾಗಿದೆ, ಹೀಗೇ ಬಿಟ್ಟರೆ ತೂತು ಬೀಳುತ್ತದೆ ಅಂದರು. "ಹಣ್ಣಿನ ಚಿಂತೆ ಬಿಡಿ. ಇವರು ದಿನಾ ಆ ನೀರಿನ ಹೊಗೆಯಲ್ಲೇ ನಿಂತಿದ್ದಾರೆ."

ಒಂದು ಹಗಲು ರಾತ್ರಿ ನಾನು ಪಟ್ಟ ಭಯ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಬಸ್ಸಿನಲ್ಲಿ ಬರುವಾಗ ಅವರ ಕೈ ನನ್ನ ತೊಡೆಯ ಮೇಲಿತ್ತು. ಅದನ್ನು ನೋಡಲೂ ಆಗದೆ, ಸರಿಸಲೂ ಆಗದೆ ಕೂತಿದ್ದೆ.

ಬಳ್ಳಿಯಲ್ಲಿ ಇನ್ನೊಂದು ಕಾಯಿ ಉಳಿದಿತ್ತಲ್ಲ. ಕಸಕ್ಕೆ ಹಾಕಿದರೆ ದನ ತಿಂದಾವು, ಆಯುವವರು ಒಯ್ದಾರು ಎಂದು ಅತ್ತೆ ಅದನ್ನು ಕೊಚ್ಚಿ, ಫಿನಾಯಿಲ್ ಸುರಿದು, ಪಕ್ಕದ ಖಾಲಿ ಸೈಟಿನಲ್ಲಿ ಆಳಕ್ಕೆ ಹೂತರು. ಮೇಲೆ ಚಪ್ಪಡಿ ಕಲ್ಲು ಎಳೆದರು. ನಾಯಿ ಕೆದರಿದೆಯೇ ಎಂದು ವಾರವಿಡೀ ಹೋಗಿ ನೋಡುತ್ತಿದ್ದರು.

ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಆಂಟಿಯ ಮೊಮ್ಮಗಳು ಆರೋಗ್ಯವಾಗೇ ಇದ್ದಳು. ಆಂಟಿ ನಮ್ಮನ್ನು ಮನೆ ಬಿಡಿಸಲಿಲ್ಲ. ಆದರೆ ಬಹಳ ದಿನ ನಮ್ಮನೆಯಿಂದ ಏನು ಕೊಟ್ಟರೂ, "ಇವತ್ತು ಉಪವಾಸ ಕಣಮ್ಮ" ಎನ್ನುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ.

ಗಂಡ ಕೆಲಸ ಬಿಡಲು ಒಪ್ಪಿದ್ದು ಸುಲಭಕ್ಕಲ್ಲ. ಬೇರೆ ಏನೂ ಬರುವುದಿಲ್ಲ ನನಗೆ ಅನ್ನುತ್ತಿದ್ದರು. ದಿನಾ ಸಂಜೆ ಬಂದ ಕೂಡಲೇ ನಾನು ಅವರ ಕರವಸ್ತ್ರ ಬಿಡಿಸಿ ನೋಡುತ್ತಿದ್ದೆ. ಒಂದು ಸಂಜೆ ಅದರಲ್ಲಿ ಕೆಂಪು ಕಂಡಿತು. ಅದನ್ನು ಮಡಚದೆ ಅವರ ಊಟದ ತಟ್ಟೆಯ ಪಕ್ಕದಲ್ಲಿಟ್ಟೆ. ಮುಂದಿನ ತಿಂಗಳು ಅವರು ಒಂದು ಗೋಡೌನಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದರು. ಬೆನ್ನುನೋವು ಶುರುವಾಯಿತು, ಆದರೆ ಕೈಯ ಕುಳಿಗಳು ನಿಧಾನಕ್ಕೆ ತುಂಬಿದವು.

ಮಗಳು ಹುಟ್ಟಿದಾಗ ನರ್ಸು "ಹೆಣ್ಣು" ಅಂದರು. ನಾನು ಅದನ್ನು ಕೇಳಿಸಿಕೊಳ್ಳದೆ, "ಎಲ್ಲಾ ಸರಿ ಇದೆಯಾ?" ಎಂದೇ ಕೇಳುತ್ತಿದ್ದೆನಂತೆ. ಅವಳಿಗೆ ಮೂರು ವರ್ಷ ತುಂಬುವವರೆಗೂ ಮೈಮೇಲೆ ಒಂದು ಗುಳ್ಳೆ ಎದ್ದರೂ ಆ ಹಣ್ಣು ನೆನಪಾಗಿ ನನ್ನ ನಿದ್ದೆ ಹಾರಿಹೋಗುತ್ತಿತ್ತು.